ಭವನ ಕಟ್ಟುವ ಮೊದಲು ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಹೇಳಿ

ಮಾನ್ಯ ಸಂಪಾದಕರೇ,

ನಮ್ಮ ಪಕ್ಕದ ಊರಲ್ಲಿ ಇತ್ತೀಚೆಗೆ ಇನ್ನೊಂದು ಸಮುದಾಯ ಭವನಕ್ಕೆ ಗುದ್ದಲಿ ಪೂಜೆ ಆಯಿತು. ಶಾಮಿಯಾನ, ಹಾರ, ಭಾಷಣ ಎಲ್ಲಾ ಇತ್ತು. ಎಷ್ಟು ಲಕ್ಷದ ಕಟ್ಟಡ, ಯಾವ ನಿಧಿಯ ದುಡ್ಡು, ಯಾರ ಓಡಾಟದಿಂದ ಬಂತು ಅಂತ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಕಟ್ಟಿ ಮುಗಿದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಒಬ್ಬರ ಬಾಯಿಂದಲೂ ಬರಲಿಲ್ಲ. ಅದೇ ಊರಲ್ಲಿ, ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಹಿಂದೆ ಕಟ್ಟಿದ ಭವನ ಒಂದು ಇದೆ. ಕಿಟಕಿ ಗಾಜು ಒಡೆದಿದೆ, ಶೌಚಾಲಯಕ್ಕೆ ಬಾಗಿಲಿಲ್ಲ, ಒಳಗೆ ಯಾರದೋ ಗಟ್ಟಿಯಾದ ಸಿಮೆಂಟ್ ಚೀಲಗಳು ಮತ್ತು ಅಡಿಕೆ ಸಿಪ್ಪೆಯ ರಾಶಿ. ಇದರ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಿದರೆ ಊರವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ನಾನು ಸಾಗರ ತಾಲ್ಲೂಕಿನ ಒಂದು ಸಣ್ಣ ಊರಿನವನು. ನಮ್ಮೂರಲ್ಲೂ ಒಂದು ಭವನ ಇದೆ. ಅದನ್ನು ಪಂಚಾಯಿತಿ ನಡೆಸುವುದಿಲ್ಲ, ದೇವಸ್ಥಾನ ನಡೆಸುವುದಿಲ್ಲ, ಯಾವ ಜಾತಿ ಸಂಘವೂ ನಡೆಸುವುದಿಲ್ಲ. ಊರವರೇ ಸದಸ್ಯರಾಗಿ, ವರ್ಷಕ್ಕೊಮ್ಮೆ ಚಂದಾ ಕೊಟ್ಟು, ಯಾರೂ ಒಂದು ಪೈಸೆ ಸಂಬಳ ತಗೊಳ್ಳದೆ ನಡೆಸಿಕೊಂಡು ಬರುತ್ತಿದ್ದೇವೆ. ಮದುವೆ, ವೈಕುಂಠ ಸಮಾರಾಧನೆ, ತಾಳಮದ್ದಲೆ, ಸ್ತ್ರೀಶಕ್ತಿ ಸಂಘದ ಸಭೆ, ಕಣ್ಣಿನ ತಪಾಸಣೆ, ಪಲ್ಸ್ ಪೋಲಿಯೊ, ಗ್ರಾಮಸಭೆ ಎಲ್ಲಾ ಅಲ್ಲೇ. ಇಷ್ಟು ವರ್ಷ ಹತ್ತಿರದಿಂದ ನೋಡಿದ್ದರಿಂದ ಧೈರ್ಯವಾಗಿ ಹೇಳುತ್ತೇನೆ, ಸದಸ್ಯರಿಲ್ಲದ ಊರಿಗೆ ಭವನದ ದುಡ್ಡು ಮಂಜೂರು ಮಾಡಬಾರದು. ಮೊದಲು ಸಂಘ ಆಗಲಿ, ಆಮೇಲೆ ಗೋಡೆ ಏಳಲಿ. ಈ ಮಾತು ಕೆಲವರಿಗೆ ಕಹಿ ಆಗಬಹುದು. ಆದರೂ ಯಾಕೆ ಹೀಗೆ ಅಂತೀನಿ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಲು ಜಾಗ ಕೊಡಿ.

ಕಟ್ಟುವುದಕ್ಕೆ ದುಡ್ಡು ಸಿಗುತ್ತದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಅಂತ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ಇದೆ. ಸಂಸದರ ನಿಧಿ 5 ಕೋಟಿ. ಇವು ಬಿಟ್ಟು ಬೇರೆ ಬೇರೆ ಇಲಾಖೆಗಳ ಅನುದಾನ ಇದೆ. ಸಂಸದರ ನಿಧಿ ಶುರುವಾದದ್ದು 1993ರಲ್ಲಿ. ಕಟ್ಟಿದ ಆಸ್ತಿಯ ನಿರ್ವಹಣೆ ಅದನ್ನು ಬಳಸುವ ಸಂಸ್ಥೆಯದ್ದು, ಕೆಲಸ ಮಂಜೂರು ಮಾಡುವ ಮುಂಚೆಯೇ ಆ ಸಂಸ್ಥೆಯಿಂದ ಒಪ್ಪಿಗೆ ಬರೆಸಿಕೊಳ್ಳಬೇಕು ಅಂತ ಅದರ ಮಾರ್ಗಸೂಚಿಯಲ್ಲೇ ಇದೆ. ಅಂದರೆ ದಿಲ್ಲಿಯಲ್ಲಿ ಕೂತು ನಿಯಮ ಬರೆದವರಿಗೂ ಈ ಪ್ರಶ್ನೆ ಹೊಳೆದಿತ್ತು. ಆದರೆ ಹಳ್ಳಿಗೆ ಬರುವ ಹೊತ್ತಿಗೆ ಆ ಒಪ್ಪಿಗೆ ಒಂದು ಸಹಿ ಆಗಿ ಉಳಿಯುತ್ತದೆ. ಯಾರೋ ಒಬ್ಬರು ಸಹಿ ಹಾಕುತ್ತಾರೆ, ಅವರು ಆಮೇಲೆ ಮಗನ ಮನೆಗೆ ಅಂತ ಬೆಂಗಳೂರಿಗೆ ಹೋಗುತ್ತಾರೆ, ಅಲ್ಲಿಗೆ ನಿರ್ವಹಣೆ ಮುಗಿಯಿತು.

ನಮ್ಮ ಕಡೆ ಕಟ್ಟಡ ಹಾಳಾಗುವುದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ಸುಮ್ನೆ ಬೀಗ ಹಾಕಿ ಬಿಟ್ಟರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಡೆಯುವ ಮಳೆ ಮಿಕ್ಕಿದ್ದೆಲ್ಲ ನೋಡಿಕೊಳ್ಳುತ್ತದೆ. ತಾರಸಿ ಮೇಲೆ ಬಿದ್ದ ಎಲೆ ನೀರು ಹೋಗುವ ತೂತಿಗೆ ಕಟ್ಟಿಕೊಳ್ಳುತ್ತದೆ. ನೀರು ನಿಲ್ಲುತ್ತದೆ, ಪಾಚಿ ಬರುತ್ತದೆ, ಸಣ್ಣ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕೆಳಗಿನ ಗಾರೆಯನ್ನು ನೂಕಿ ಬೀಳಿಸುತ್ತದೆ. ಆಗ ಇಂಜಿನಿಯರ್ ಬಂದು ದುರಸ್ತಿಗೆ ಲಕ್ಷಗಟ್ಟಲೆ ಬೇಕು ಅಂತ ಅಂದಾಜು ಪಟ್ಟಿ ಬರೆಯುತ್ತಾರೆ. ಮೇ ತಿಂಗಳ ಕೊನೆಗೆ ಒಬ್ಬ ಮನುಷ್ಯ ಏಣಿ ಹಾಕಿ ಹತ್ತಿ ಆ ಎಲೆ ಬಾಚಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಅಷ್ಟೇ ಕೆಲಸ. ಆದರೆ ಆ ಏಣಿ ಹತ್ತುವವರು ಯಾರು ಅನ್ನುವುದು ಯಾವ ಅಂದಾಜು ಪಟ್ಟಿಯಲ್ಲೂ ಇರುವುದಿಲ್ಲ ನೋಡಿ.

ನಮ್ಮದು ಹೆಂಚಿನ ಮಾಡು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ಹೆಂಚು ಕೈಯಾಡಿಸುವ ಕೆಲಸ ಇರುತ್ತದೆ. ಒಡೆದದ್ದು ತೆಗೆದು, ಜರುಗಿದ್ದನ್ನು ಕೂರಿಸಿ, ಕಸ ಗುಡಿಸಿ, ಹೆಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಗೆದ್ದಲು ಹಿಡಿದಿದ್ದರೆ ಬದಲಾಯಿಸುವುದು. ಮಾಡಿನ ಮೇಲೆ ನಡೆಯುವುದಕ್ಕೂ ಒಂದು ಕ್ರಮ ಇದೆ. ಕೆಳಗೆ ಪಕಾಸು, ಅಂದರೆ ಮಾಡು ಹೊರುವ ಇಳಿಜಾರು ಮರ, ಎಲ್ಲಿ ಬಂದಿದೆ ಅಂತ ನೋಡಿಕೊಂಡು ಅದರ ನೇರಕ್ಕೇ ಕಾಲು ಇಡಬೇಕು, ಹೆಂಚಿನ ನಡುವೆ ಇಟ್ಟರೆ ಚಟ್ ಅಂತ ಒಡೆಯುತ್ತದೆ. ಇದನ್ನು ಯಾರೂ ಪುಸ್ತಕ ಓದಿ ಕಲಿಯುವುದಿಲ್ಲ, ಹಿರಿಯರ ಹಿಂದೆ ಹತ್ತಿದ ಹುಡುಗರಿಗೆ ಮಾತ್ರ ಬರುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಘಟ್ಟದ ಮೇಲೂ ಕೆಳಗೂ ಮನೆ ಮನೆಗೆ ಮಂಗಳೂರು ಹೆಂಚು ಬಂತು, ಆದರೆ ಈಗ ಆ ಉದ್ಯಮವೇ ಸೊರಗಿದೆ, ಹಳೇ ಅಳತೆಗೆ ಸರಿಯಾಗಿ ಕೂರುವ ಹೆಂಚು ಬೇಕು ಅಂದರೆ ಹುಡುಕಬೇಕು. ಅದಕ್ಕೆ ಊರಲ್ಲಿ ಯಾರಾದರೂ ಹಳೇ ಮನೆ ಕಿತ್ತು ತಾರಸಿ ಹಾಕಿಸುತ್ತಾರೆ ಅಂತ ಗೊತ್ತಾದ ಕೂಡಲೇ ನಮ್ಮ ಸಮಿತಿಯವರು ಹೋಗಿ ಹೆಂಚು ಕೇಳಿಕೊಂಡು ಬರುತ್ತಾರೆ. ಕೊಡಲ್ಲ ಅಂದವರು ಇಲ್ಲ. ಭವನದ ಹಿಂದೆ ಒತ್ತಾಗಿ ಜೋಡಿಸಿ ಇಟ್ಟಿದ್ದೇವೆ, ಇನ್ನೂ ಹಲವು ಮಳೆಗಾಲಕ್ಕೆ ಸಾಕು.

ಆ ಭಾನುವಾರ ಕೆಲಸಕ್ಕೆ ಬಾರದೆ ಇದ್ದವರಿಗೆ ದಂಡ ಇಲ್ಲ. ಮೊದಲು ಇತ್ತು, ತೆಗೆದುಬಿಟ್ಟೆವು. ದಂಡ ಕಟ್ಟಿದವರು ನನ್ನ ಪಾಲು ಮುಗಿಯಿತು ಅಂದುಕೊಂಡು ಮುಂದಿನ ವರ್ಷವೂ ಬರುವುದಿಲ್ಲ. ದಂಡ ಇಲ್ಲದೆ ಇದ್ದರೆ ಮನಸ್ಸಿಗೆ ಕಸಿವಿಸಿ ಆಗಿ ಬರುತ್ತಾರೆ. ಇದು ನಮ್ಮ ಅನುಭವ, ಬೇರೆ ಊರಲ್ಲಿ ಬೇರೆ ಇರಬಹುದು.

ಇನ್ನು ಖರ್ಚು. ಭವನ ಬಳಸಲಿ ಬಿಡಲಿ, ಕರೆಂಟಿನ ನಿಗದಿತ ಶುಲ್ಕ ತಿಂಗಳು ತಿಂಗಳು ಬರುತ್ತದೆ. ಮನೆಗಳಿಗೆ 2023ರಿಂದ ಗೃಹಜ್ಯೋತಿ ಇದೆ, ಭವನಕ್ಕೆ ಅದು ಅನ್ವಯಿಸುವುದಿಲ್ಲ. ನೀರಿನ ಪಂಪು ವರ್ಷಕ್ಕೊಂದು ಸಲ ಕೈ ಕೊಡುತ್ತದೆ. ಶೌಚಾಲಯದ ಗುಂಡಿ, ಸುಣ್ಣ ಬಣ್ಣ, ಗೆದ್ದಲಿನ ಔಷಧಿ, ಬಲ್ಬು, ನಲ್ಲಿ, ಚಿಲಕ. ಯಾವುದೂ ದೊಡ್ಡ ಖರ್ಚಲ್ಲ, ಎಲ್ಲಾ ಸೇರಿದಾಗ ದೊಡ್ಡದು. ಇದಕ್ಕೆ ನಮ್ಮ ಹತ್ತಿರ ಇರುವುದು ಸದಸ್ಯರ ಚಂದಾ ಮತ್ತು ಬಾಡಿಗೆ. ಚಂದಾ ಜಾಸ್ತಿ ಏನಿಲ್ಲ, ಕೂಲಿ ಮಾಡುವವರಿಗೂ ಭಾರ ಆಗದ ಹಾಗೆ ಇಟ್ಟಿದ್ದೇವೆ. ಎತ್ತುವುದು ಅಡಿಕೆ ಮಾರಾಟ ಆದ ಮೇಲೆ. ಅಡಿಕೆ ಗೊನೆ ಕೊಯ್ಲಿನ ಹೊತ್ತಲ್ಲಿ ಚಂದಾ ಕೇಳಿದರೆ ಯಾರ ಕೈಯಲ್ಲೂ ದುಡ್ಡಿರುವುದಿಲ್ಲ, ಸಭೆ ಕರೆದರೆ ಯಾರಿಗೂ ಪುರುಸೊತ್ತಿರುವುದಿಲ್ಲ. ಬಾಡಿಗೆಯಲ್ಲಿ ಸದಸ್ಯರಿಗೆ ರಿಯಾಯಿತಿ, ಹೊರಗಿನವರಿಗೆ ಪೂರ್ತಿ ದರ. ಸಾವಿನ ಮನೆಯವರ ಹತ್ತಿರ ಮಾತ್ರ ಮುಂಗಡ ಕೇಳುವುದಿಲ್ಲ. ಅದು ಬರೆದಿಟ್ಟ ನಿಯಮ ಅಲ್ಲ, ಆದರೆ ಯಾರೂ ಮುರಿದಿಲ್ಲ. ರಾಜಕೀಯ ಪಕ್ಷದವರು ಬಂದರೆ ಎಲ್ಲಾ ಪಕ್ಷಕ್ಕೂ ಒಂದೇ ಬಾಡಿಗೆ, ಸಭೆ ಮುಗಿದ ದಿನವೇ ಬಾವುಟ ಬ್ಯಾನರ್ ಇಳಿಸಬೇಕು.

ಪಾತ್ರೆಗಳ ಬಗ್ಗೆ ಹೇಳಲೇಬೇಕು. ಭವನ ನಡೆಸಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ನಮ್ಮಲ್ಲಿ ಊಟದ ಪಾತ್ರೆ ಪೂರ್ತಿ ಇದೆ, ಕೊಳಗ, ಕಡಾಯಿ, ಹರಿವಾಣ, ಬಕೀಟು, ಸೌಟು, ಲೋಟ. ಒಂದು ಮದುವೆ ಆದ ಮೇಲೆ ಸೌಟು ಎರಡು ಕಡಿಮೆ, ಲೋಟ ಹತ್ತು ಕಡಿಮೆ. ಯಾರೂ ಬೇಕಂತ ಒಯ್ಯುವುದಿಲ್ಲ, ಉಳಿದ ಪಾಯಸ ಹಾಕಿಕೊಂಡು ಹೋದ ಬಕೀಟು ಅವರ ಅಡುಗೆ ಮನೆಯಲ್ಲೇ ಉಳಿಯುತ್ತದೆ. ಹೀಗೇ ಬಿಟ್ಟರೆ ಐದು ವರ್ಷದಲ್ಲಿ ಕಪಾಟು ಖಾಲಿ. ಅದಕ್ಕೆ ಒಂದು ಉದ್ದ ಲೆಕ್ಕದ ಪುಸ್ತಕ ಇಟ್ಟೆವು. ಎಡಗಡೆ ಪಾತ್ರೆಯ ಹೆಸರು, ಪಕ್ಕದಲ್ಲಿ ಹೋದದ್ದು ಎಷ್ಟು, ಬಂದದ್ದು ಎಷ್ಟು, ಕೊನೆಯಲ್ಲಿ ಒಯ್ದವರ ಸಹಿ ಮತ್ತು ಎಣಿಸಿದವರ ಸಹಿ. ಎರಡನೇ ಸಹಿ ಮುಖ್ಯ. ಪಾತ್ರೆ ಮೇಲೆಲ್ಲ ಸಂಘದ ಹೆಸರಿನ ಎರಡಕ್ಷರ ಕೊರೆಸಿದ್ದೇವೆ. ಕಡಿಮೆ ಬಂದರೆ ಸಾಮಾನು ತಂದು ಕೊಡಬೇಕು, ದುಡ್ಡು ತಗೊಳ್ಳುವುದಿಲ್ಲ, ಯಾಕಂದರೆ ಆ ದುಡ್ಡು ಬೇರೆ ಯಾವುದಕ್ಕೋ ಖರ್ಚಾಗಿ ಸೌಟು ಬರುವುದೇ ಇಲ್ಲ. ಈ ಪುಸ್ತಕ ನೋಡಿಕೊಳ್ಳುವ ಹೆಣ್ಣುಮಗಳು ಒಂದು ಲೋಟಕ್ಕೂ ಬಿಡುವುದಿಲ್ಲ. ಮೊದಮೊದಲು ಜನ ಗೊಣಗಿದರು. ಈಗ ಪಾತ್ರೆ ಎಣಿಸದೆ ವಾಪಸ್ ಇಡಲು ಹೋದರೆ ಅವರೇ ಕರೆದು ಎಣಿಸಿ ಅನ್ನುತ್ತಾರೆ.

ಬೀಗದ ಕೈ ವಿಷಯ. ನಮ್ಮಲ್ಲಿ ಮೂರು ಇವೆ, ಮೂರು ಬೇರೆ ಬೇರೆ ಕೇರಿಯ ಮನೆಗಳಲ್ಲಿ. ಯಾರ ಮನೆಯಲ್ಲಿ ಅಂತ ಭವನದ ಬಾಗಿಲ ಪಕ್ಕ ಬರೆದಿದೆ. ಒಬ್ಬರ ಹತ್ತಿರವೇ ಇದ್ದರೆ ಏನಾಗುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಅವರ ಜೊತೆ ಮಾತು ಬಿಟ್ಟವರು ಭವನವನ್ನೂ ಬಿಡುತ್ತಾರೆ. ರಾತ್ರಿ ತುರ್ತಾಗಿ ಬೇಕಾದರೆ ಅವರು ನೆಂಟರ ಮನೆಗೆ ಹೋಗಿರುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದಾಗ, ಮರುವರ್ಷ ರಾಜ್ಯದ ಎಷ್ಟೋ ಜಿಲ್ಲೆಗಳಲ್ಲಿ ನೆರೆ ಬಂದಾಗ, ಜನ ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲಿ ಬಂದು ಸೇರಿದ್ದು ಶಾಲೆ ಮತ್ತು ಇಂಥ ಭವನಗಳಿಗೇ. ಕಾಳಜಿ ಕೇಂದ್ರ ಅಂತ ಬೋರ್ಡ್ ಹಾಕಿದರೆ ಆಗಲಿಲ್ಲ, ಒಳಗೆ ನೀರು ಬರಬೇಕು, ಶೌಚಾಲಯ ಸರಿ ಇರಬೇಕು, ದೊಡ್ಡ ಪಾತ್ರೆ ಇರಬೇಕು, ಮಾಡು ಸೋರಬಾರದು. ಇವು ಆ ರಾತ್ರಿ ಒದಗಿಸುವ ಸಾಮಾನುಗಳಲ್ಲ. ಅದಕ್ಕೆ ಹಿಂದಿನ ಎಷ್ಟೋ ವರ್ಷ ಯಾರೋ ಒಬ್ಬರು ಚಿಲಕ, ನಲ್ಲಿ ಅಂತ ತಲೆ ಕೆಡಿಸಿಕೊಂಡಿರಬೇಕು.

ಸದಸ್ಯತ್ವದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಬಹಳ ಊರುಗಳಲ್ಲಿ ಮನೆಗೊಂದು ಸದಸ್ಯತ್ವ ಅಂತ ಇಡುತ್ತಾರೆ. ಕೇಳಲು ಚೆನ್ನಾಗಿದೆ. ಮನೆಗೊಂದು ಅಂದರೆ ಪುಸ್ತಕದಲ್ಲಿ ಬೀಳುವುದು ಗಂಡಸರ ಹೆಸರು, ಸಭೆಗೆ ಬರುವವರು ಗಂಡಸರು, ತೀರ್ಮಾನ ಅವರದ್ದು. ಭವನ ಅತಿ ಹೆಚ್ಚು ಬಳಸುವವರು ಯಾರು? ವಾರ ವಾರ ಸ್ವಸಹಾಯ ಸಂಘದ ಸಭೆ ಮಾಡುವ ಹೆಂಗಸರು. ಅವರಿಗೆ ಶೌಚಾಲಯದ ಬಾಗಿಲಿಗೆ ಚಿಲಕ ಇದೆಯಾ, ಕೈ ತೊಳೆಯುವ ಕಡೆ ದೀಪ ಇದೆಯಾ ಅನ್ನುವುದು ಗೊತ್ತು, ಗಂಡಸರ ಸಭೆಯಲ್ಲಿ ಅದು ಚರ್ಚೆಗೇ ಬರುವುದಿಲ್ಲ. ನಾವು ಮನೆಗೊಂದು ಬಿಟ್ಟು ಹದಿನೆಂಟು ತುಂಬಿದ ಎಲ್ಲರಿಗೂ ಅವರವರ ಹೆಸರಲ್ಲೇ ಸದಸ್ಯತ್ವ ಅಂತ ಮಾಡಿದೆವು. ಸುಲಭವಾಗಿ ಆಗಲಿಲ್ಲ, ಒಂದೇ ಮನೆಯಿಂದ ನಾಲ್ಕು ಮತ ಬೀಳುತ್ತದೆ ಅಂತ ದೊಡ್ಡ ಜಗಳವೇ ಆಯಿತು. ಒಂದೇ ಮನೆಯವರು ಸಮಿತಿಯಲ್ಲಿ ಇಬ್ಬರು ಇರುವಂತಿಲ್ಲ ಅಂತ ಬರೆದುಕೊಂಡ ಮೇಲೆ ಅದು ತಣ್ಣಗಾಯಿತು. ಮರುವರ್ಷವೇ ಅಡುಗೆ ಮನೆಯಲ್ಲಿ ಹೊಗೆ ಹೋಗಲು ಚಿಮಣಿ ಬಂತು. ಅಷ್ಟು ವರ್ಷ ಕಣ್ಣೀರು ಹಾಕಿಕೊಂಡು ಬೇಯಿಸಿದವರು ಸಭೆಯಲ್ಲಿ ಕೂತಿದ್ದರು, ಅದಕ್ಕೆ ಬಂತು.

ಇನ್ನೊಂದು ಮಾತನ್ನು ಜನ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಊರ ಭವನ ಅಂತ ಕಟ್ಟಿದ ಕಡೆ ಊರಿನ ಎಲ್ಲರೂ ಒಳಗೆ ಬರುತ್ತಾರಾ? ಜಗಲಿಯ ತನಕ ಬಂದು ನಿಲ್ಲುವವರು ಇನ್ನೂ ಇದ್ದಾರಾ? ಅಡುಗೆ ಮನೆಗೆ ಯಾರು ಕಾಲಿಡಬಹುದು ಅಂತ ಬರೆಯದ ಪಟ್ಟಿ ಒಂದು ಇದೆಯಾ? ಸರ್ಕಾರದ ದುಡ್ಡಿನಿಂದ ನಡೆಯುವ ಸಾರ್ವಜನಿಕ ಜಾಗಗಳಿಗೆ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿಯಲ್ಲೇ ಇದೆ. ಕಾನೂನು ಇರುವುದರಿಂದ ಮಾತ್ರ ಅದು ನಡೆದುಬಿಡುವುದಿಲ್ಲ. ನಮ್ಮಲ್ಲಿ ಭವನದ ಬೀಗದ ಕೈ ಒಂದು ದಲಿತ ಕೇರಿಯ ಮನೆಯಲ್ಲಿದೆ. ಬೇರೆ ಕೇರಿಯವರೂ ಮದುವೆಯ ಹಿಂದಿನ ದಿನ ಅಲ್ಲಿಗೇ ಹೋಗಿ ಕೈ ಇಸಿದುಕೊಂಡು ಬರುತ್ತಾರೆ. ಇದಕ್ಕೆ ಭಾಷಣ ಏನೂ ಬೇಕಾಗಲಿಲ್ಲ, ಸಮಿತಿಯಲ್ಲಿ ಆ ಕೇರಿಯವರು ಸದಸ್ಯರಾಗಿ ಕೂತಿದ್ದರು, ಕೈ ನಮಗೂ ಒಂದು ಇರಲಿ ಅಂದರು, ಆಯಿತು. ಈಗ ಒಂದೊಂದು ಜಾತಿಗೂ ಒಂದೊಂದು ಭವನಕ್ಕೆ ಅನುದಾನ ಕೊಡುತ್ತಾ ಹೋಗುವುದು ಜಾಸ್ತಿ ಆಗಿದೆ. ಪಟ್ಟಣಗಳಲ್ಲಿ ಏನು ಬೇಕೋ ನನಗೆ ಗೊತ್ತಿಲ್ಲ, ಆದರೆ ನೂರೈವತ್ತು ಮನೆಯ ಹಳ್ಳಿಯಲ್ಲಿ ಮೂರು ಜಾತಿಗೆ ಮೂರು ಭವನ ಆದರೆ ಮೂರಕ್ಕೂ ಬಾಡಿಗೆ ಬರುವುದಿಲ್ಲ, ಮೂರೂ ಸೋರುತ್ತವೆ, ಊರವರು ಒಟ್ಟಿಗೆ ಕೂರುವ ಒಂದೇ ಒಂದು ಜಾಗವೂ ಹೋಗುತ್ತದೆ.

ಕಾಗದಪತ್ರ ಅಂದರೆ ಜನಕ್ಕೆ ಬೇಜಾರು. ಆದರೆ ಅದಿಲ್ಲದೆ ಆಗುವುದಿಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿಸುವುದು ಕಷ್ಟವೇನಲ್ಲ. ವರ್ಷ ವರ್ಷ ಸರ್ವಸದಸ್ಯರ ಸಭೆ ಮಾಡಬೇಕು, ಆಮೇಲೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಬೇಕು. ಕಷ್ಟ ಇಲ್ಲಿ. ಹಳ್ಳಿಯ ಯುವಕ ಮಂಡಲ, ಮಹಿಳಾ ಮಂಡಲಗಳು ಎಷ್ಟೋ ಸತ್ತಿರುವುದು ಈ ಹಂತದಲ್ಲೇ. ಒಂದು ವರ್ಷ ಕಾರ್ಯದರ್ಶಿಗೆ ಹುಷಾರಿಲ್ಲ ಅಂತ ಲೆಕ್ಕ ಕಳಿಸುವುದಿಲ್ಲ, ಎರಡನೇ ವರ್ಷ ಹಿಂದಿನದ್ದು ಬಾಕಿ ಇದೆ ಅಂತ ಕಳಿಸುವುದಿಲ್ಲ, ಮೂರನೇ ವರ್ಷ ಯಾರಿಗೂ ನೆನಪೇ ಇಲ್ಲ, ಆಮೇಲೊಂದು ದಿನ ಅನುದಾನಕ್ಕೆ ಅರ್ಜಿ ಹಾಕಲು ಹೋದಾಗ ಸಂಘವೇ ಊರ್ಜಿತದಲ್ಲಿಲ್ಲ ಅಂತ ಗೊತ್ತಾಗುತ್ತದೆ. ನಾವು ಇದಕ್ಕೆ ಸಭೆಯ ತಿಂಗಳನ್ನೇ ಗಟ್ಟಿ ಮಾಡಿಕೊಂಡಿದ್ದೇವೆ. ಸಭೆಯಲ್ಲಿ ಲೆಕ್ಕ ಓದುತ್ತೇವೆ, ಓದಿದ್ದರ ಪ್ರತಿಯನ್ನು ಹಾಲಿನ ಡೇರಿ ಗೋಡೆಗೆ ಅಂಟಿಸುತ್ತೇವೆ. ಡೇರಿಗೆ ದಿನಾ ಎರಡು ಹೊತ್ತು ಜನ ಬರುತ್ತಾರೆ, ಕ್ಯಾನ್ ಹಿಡಿದು ಸಾಲಲ್ಲಿ ನಿಂತಾಗ ಓದುತ್ತಾರೆ, ಪ್ರಶ್ನೆಯನ್ನೂ ಅಲ್ಲೇ ಕೇಳುತ್ತಾರೆ. ಬ್ಯಾಂಕ್ ಖಾತೆ ಇಬ್ಬರ ಜಂಟಿ ಸಹಿಯಲ್ಲಿದೆ. ಕಾರ್ಯದರ್ಶಿ ಸತತ ಎರಡು ಅವಧಿಗಿಂತ ಹೆಚ್ಚು ಇರುವಂತಿಲ್ಲ. ಒಳ್ಳೆಯವರನ್ನೂ ಬದಲಾಯಿಸಬೇಕು. ಒಳ್ಳೆಯವರು ಹದಿನೈದು ವರ್ಷ ಇದ್ದರೆ ಬೇರೆಯವರಿಗೆ ಕೆಲಸವೇ ಬರುವುದಿಲ್ಲ.

ಜಾಗದ ದಾಖಲೆ ಇನ್ನೂ ಮುಖ್ಯ. ಹಿಂದೆಲ್ಲ ಊರಿನ ದೊಡ್ಡವರು, ಇಲ್ಲೇ ಕಟ್ಟಿಕೊಳ್ಳಿ ಮಾರಾಯ್ರೆ, ಅಂತ ಬಾಯಲ್ಲಿ ಹೇಳಿ ಜಾಗ ಕೊಟ್ಟರು. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಸ್ಥಿರಾಸ್ತಿ ದಾನ ನೋಂದಣಿ ಆಗಲೇಬೇಕು, ಬಾಯಿ ಮಾತಿನ ದಾನ ನಿಲ್ಲುವುದಿಲ್ಲ. ಕೊಟ್ಟವರು ಇರುವ ತನಕ ತೊಂದರೆ ಇಲ್ಲ. ಮೊಮ್ಮಕ್ಕಳ ಕಾಲಕ್ಕೆ ಪಾಲು ಆಗುವಾಗ ಪಹಣಿಯಲ್ಲಿ ಭವನದ ಜಾಗ ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ. ಆಗ ಭವನಕ್ಕೆ ಬೇಲಿ ಬೀಳುತ್ತದೆ. ಆ ಮೊಮ್ಮಕ್ಕಳನ್ನು ಬೈದು ಉಪಯೋಗ ಇಲ್ಲ. ಅಜ್ಜ ಇದ್ದಾಗಲೇ ಉಪನೋಂದಣಾಧಿಕಾರಿ ಕಚೇರಿಗೆ ಕರೆದುಕೊಂಡು ಹೋಗಬೇಕಿತ್ತು. ನಿಮ್ಮೂರಲ್ಲಿ ಇಂಥ ಭವನ ಇದ್ದು ದಾನಿ ಇನ್ನೂ ಇದ್ದಾರೆ ಅಂದರೆ ಈ ವಾರವೇ ಅವರ ಹತ್ತಿರ ಮಾತಾಡಿ, ಮುಂದೆ ಹಾಕಬೇಡಿ.

ಪಂಚಾಯಿತಿಯ ಮೇಲೆ ಎಲ್ಲಾ ಹೊರಿಸುವವರಿದ್ದಾರೆ. ಅದು ಸರಿಯಲ್ಲ. ಒಬ್ಬ ಪಿಡಿಒ, ನಾಲ್ಕಾರು ಸಿಬ್ಬಂದಿ, ನೀರು, ಕಸ, ಬೀದಿ ದೀಪ, ಉದ್ಯೋಗ ಖಾತರಿ, ಇ-ಸ್ವತ್ತು ಎಲ್ಲಾ ಅವರೇ ನೋಡಬೇಕು. ಅವರು ನಮ್ಮೂರ ಭವನದ ಲೋಟ ಎಣಿಸಲು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಅವರಿಂದ ಬೇಕಾಗಿರುವುದು ಬೇರೆ. ಕಟ್ಟಡ ಪಂಚಾಯಿತಿಯದ್ದಾದರೆ ನಡೆಸುವ ಸಂಘದ ಜೊತೆ ಒಂದು ಬರಹದ ಒಪ್ಪಂದ ಬೇಕು. ಎಷ್ಟು ವರ್ಷಕ್ಕೆ, ಬಾಡಿಗೆ ಯಾರು ನಿಗದಿ ಮಾಡುವುದು, ದೊಡ್ಡ ದುರಸ್ತಿ ಯಾರದ್ದು, ಸಣ್ಣದು ಯಾರದ್ದು, ಲೆಕ್ಕ ಯಾರಿಗೆ ತೋರಿಸಬೇಕು. ಎರಡು ಪುಟ ಸಾಕು. ಇದಿಲ್ಲದ ಕಡೆ ಐದು ವರ್ಷಕ್ಕೊಮ್ಮೆ ಪಂಚಾಯಿತಿ ಚುನಾವಣೆ ಆದಾಗಲೆಲ್ಲ ಭವನದ ಬೀಗ ಬದಲಾಗುತ್ತದೆ. ಗೆದ್ದವರು ಹಳೇ ಬೀಗ ಒಡೆದು ಹೊಸದು ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬೇಸಿಗೆಯಲ್ಲಿ ಮದುವೆ ಗೊತ್ತು ಮಾಡಿದ್ದ ಮನೆಯವರು ಯಾರ ಹತ್ತಿರ ಕೇಳಬೇಕು ಅಂತ ತಿಳಿಯದೆ ಎರಡೂ ಕಡೆಯವರ ಮನೆಗೆ ಅಲೆದದ್ದನ್ನೂ ಕಂಡಿದ್ದೇನೆ.

ಊರು ಬಿಟ್ಟು ಬೆಂಗಳೂರು, ಪುಣೆ, ಇನ್ನೂ ದೂರ ಹೋದವರಿಗೆ ಊರ ಭವನದ ಮೇಲೆ ಪ್ರೀತಿ ಇದೆ, ಕೇಳಿದರೆ ಕೊಡುತ್ತಾರೆ. ಆದರೆ ಕೊಡುವುದು ಕಣ್ಣಿಗೆ ಕಾಣುವುದಕ್ಕೆ. ವೇದಿಕೆಗೆ ಗ್ರಾನೈಟ್, ಹೆಬ್ಬಾಗಿಲು, ತಂದೆಯ ಹೆಸರಿನ ಕಲ್ಲು. ಶೌಚಾಲಯದ ಗುಂಡಿ ತೆಗೆಸಲು ಯಾರೂ ಹೆಸರು ಹಾಕಿಸಿ ದುಡ್ಡು ಕೊಡುವುದಿಲ್ಲ. ಅವರಲ್ಲಿ ನನ್ನ ವಿನಂತಿ, ಒಂದೇ ಸಲ ದೊಡ್ಡದು ಕೊಡುವ ಬದಲು ವರ್ಷ ವರ್ಷ ಸದಸ್ಯರ ಚಂದಾ ಕೊಡಿ. ಬ್ಯಾಂಕಲ್ಲಿ ಒಂದು ಠೇವಣಿ ಇಟ್ಟು ಅದರ ಬಡ್ಡಿ ಕರೆಂಟ್ ಬಿಲ್ಲಿಗೆ ಅಂತ ಬರೆದುಕೊಡಿ. ರಜೆಗೆ ಬಂದಾಗ ಹೆಂಚು ಕೈಯಾಡಿಸುವ ದಿನ ಇದ್ದರೆ ಒಂದು ಏಣಿ ಹಿಡಿದುಕೊಳ್ಳಿ. ನಿಮ್ಮ ಮಕ್ಕಳನ್ನೂ ಕರೆದುಕೊಂಡು ಬನ್ನಿ.

ಇದೆಲ್ಲ ಆಗದ ಮಾತು ಅನ್ನುವವರಿಗೆ ನಮ್ಮ ತಾಲ್ಲೂಕಿನದ್ದೇ ಉದಾಹರಣೆ ಇದೆ. ಹೆಗ್ಗೋಡಿನಲ್ಲಿ ನೀಲಕಂಠೇಶ್ವರ ನಾಟ್ಯ ಸಂಘ ಶುರುವಾದದ್ದು 1949ರಲ್ಲಿ. ಊರ ಜನ ಹಗಲು ತೋಟದ ಕೆಲಸ ಮುಗಿಸಿ ಸಂಜೆ ನಾಟಕ ಕಲಿಯುತ್ತಿದ್ದರು. ಅಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ನಡುವೆ ಇಪ್ಪತ್ತಮೂರು ವರ್ಷ. ಅಷ್ಟು ವರ್ಷ ಸಂಘ ಇತ್ತು, ಕಟ್ಟಡ ಇರಲಿಲ್ಲ. ಕಟ್ಟಡ ಬಂದಾಗ ಅದನ್ನು ಏನು ಮಾಡಬೇಕು, ಯಾರು ನೋಡಿಕೊಳ್ಳಬೇಕು ಅಂತ ಯಾರಿಗೂ ಹೇಳಿಕೊಡಬೇಕಾಗಲಿಲ್ಲ. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಿಂದ ತಿರುಗಾಟ ಅನ್ನುವ ನಾಟಕ ತಂಡ ಊರೂರು ಸುತ್ತಿತು, ಆ ಸಂಘ ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಎಲ್ಲಾ ಊರೂ ಹೆಗ್ಗೋಡು ಆಗಬೇಕು ಅಂತ ನಾನು ಹೇಳುತ್ತಿಲ್ಲ. ಮೊದಲು ಜನ ಸೇರಿದರು, ಆಮೇಲೆ ಕಟ್ಟಿದರು, ಆ ಕ್ರಮವನ್ನು ಮಾತ್ರ ನೋಡಿ ಅನ್ನುತ್ತೇನೆ.

ಪಕ್ಕದ ಕೇರಳದಲ್ಲಿ ಹಳ್ಳಿ ಹಳ್ಳಿಯಲ್ಲಿ ವಾಚನಾಲಯ ಇವೆ, ಕಾಸರಗೋಡಿನ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಪಿ.ಎನ್. ಪಣಿಕ್ಕರ್ 1945ರಲ್ಲಿ ಅಂಥ ಗ್ರಂಥಾಲಯಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು. ಅವನ್ನು ನಡೆಸುವುದು ಊರಿನ ಸದಸ್ಯರು ಆರಿಸಿದ ಸಮಿತಿ. 1989ರ ಕಾಯ್ದೆ ಬಂದ ಮೇಲೆ ಗ್ರಂಥಾಲಯ ಕರದ ದುಡ್ಡಿದೆ, ಗ್ರಂಥಾಲಯ ಪರಿಷತ್ತು ಒಂದೊಂದರ ಕೆಲಸ ನೋಡಿ ದರ್ಜೆ ಕೊಡುತ್ತದೆ, ದರ್ಜೆಗೆ ತಕ್ಕಂತೆ ವರ್ಷ ವರ್ಷ ಅನುದಾನ ಕೊಡುತ್ತದೆ. ದುಡ್ಡು ಸರ್ಕಾರದ್ದು, ಕೆಲಸ ಸದಸ್ಯರದ್ದು. ಸಭೆ ಮಾಡದೆ, ಲೆಕ್ಕ ಕೊಡದೆ ಇದ್ದರೆ ದರ್ಜೆ ಇಳಿಯುತ್ತದೆ. ನಮ್ಮ ಭವನಗಳಿಗೂ ಇಂಥದ್ದೇ ಯಾಕೆ ಆಗಬಾರದು?

ಶಾಸಕರಲ್ಲಿ, ಜಿಲ್ಲಾಡಳಿತದಲ್ಲಿ ನನ್ನ ಬೇಡಿಕೆ ಇಷ್ಟೇ. ಹೊಸ ಭವನಕ್ಕೆ ಅರ್ಜಿ ಬಂದಾಗ ಕನಿಷ್ಠ ಎರಡು ವರ್ಷ ನಡೆದ ಸಂಘದ ಸಭೆಯ ನಡಾವಳಿ ಮತ್ತು ಲೆಕ್ಕ ತೋರಿಸಿ ಅಂತ ಕೇಳಿ. ಸದಸ್ಯರ ಪಟ್ಟಿಯಲ್ಲಿ ಊರಿನ ಎಲ್ಲಾ ಕೇರಿಗಳೂ ಹೆಂಗಸರೂ ಇದ್ದಾರಾ ಅಂತ ನೋಡಿ. ಜಾಗದ ನೋಂದಾಯಿತ ಪತ್ರ ಇಲ್ಲದೆ ಗುದ್ದಲಿ ಪೂಜೆಗೆ ಬರಬೇಡಿ. ಹೊಸದಕ್ಕೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಭಾಗವನ್ನು ಈಗಾಗಲೇ ಇರುವ, ನಡೆಯುತ್ತಿರುವ ಭವನಗಳ ದುರಸ್ತಿಗೆ ಕೊಡಿ. ಪಂಚಾಯಿತಿಗೆ ಬರುವ ಕೇಂದ್ರ ಹಣಕಾಸು ಆಯೋಗದ ಅನುದಾನದಲ್ಲಿ ಷರತ್ತಿಲ್ಲದ ಭಾಗ ಅಂತ ಇರುತ್ತದಲ್ವಾ, ಅದರಲ್ಲಿ ಊರ ಆಸ್ತಿಗಳ ನಿರ್ವಹಣೆಗೆ ಎಷ್ಟು ಇಟ್ಟಿದ್ದೇವೆ ಅಂತ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ಹೇಳಲಿ. ಯಾರೂ ಕೇಳದೆ ಇದ್ದರೆ ಹೇಳುವುದಿಲ್ಲ, ಅದಕ್ಕೆ ಓದುಗರು ತಮ್ಮೂರ ಮುಂದಿನ ಗ್ರಾಮಸಭೆಗೆ ಹೋಗಿ ಕೇಳಲಿ.

ನಮ್ಮ ಸಂಘದ ನಿಯಮಾವಳಿ, ಬಾಡಿಗೆ ಪಟ್ಟಿ, ಪಾತ್ರೆ ಪುಸ್ತಕದ ಒಂದು ಪುಟ, ಎಲ್ಲದರ ಪ್ರತಿಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಭವನ ಇದ್ದೂ ಸಂಘ ಇಲ್ಲದ ಊರಿನವರು ಯಾರಾದರೂ ಕೇಳಿದರೆ ದಯವಿಟ್ಟು ಕೊಡಿ. ನಮ್ಮ ನಿಯಮವನ್ನು ಹಾಗೇ ನಕಲು ಮಾಡಬೇಕಾಗಿಲ್ಲ, ತಮ್ಮೂರಿಗೆ ಬೇಕಾದ ಹಾಗೆ ತಿದ್ದಿಕೊಳ್ಳಲಿ. ಎರಡು ಸಹಿಯ ಸಾಲು ಮಾತ್ರ ತೆಗೆಯದೆ ಇಟ್ಟುಕೊಳ್ಳಲಿ.

ಇಂತಿ,
ಊರ ಭವನ ಸಂಘದ ಒಬ್ಬ ಸದಸ್ಯ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ